ಗೊಂಬೆಯ ಅಳತೆಗೊಂದು ಉದ್ಯಾನಮಂಟಪ

ಮೈಸೂರು ಸೀಮೆಯ ಮನೆಗಳಲ್ಲಿ ಶರನ್ನವರಾತ್ರಿಯ ಕಾಲಕ್ಕೆ ಗೊಂಬೆ ಕೂರಿಸುವ ಸಂಪ್ರದಾಯವನ್ನು ಬಲ್ಲವರಿಗೆಲ್ಲ, ಮೆಟ್ಟಿಲ ಮೇಲಿನದೊಂದು, ಮೆಟ್ಟಿಲ ಬುಡದ್ದೊಂದು ಎಂದು ಅಲ್ಲಿ ಎರಡು ಪ್ರಪಂಚಗಳಿರುವುದು ಗೊತ್ತಿರತಕ್ಕ ಸಂಗತಿ. ಮೇಲಿನದು ಸಂಗ್ರಹ. ಅಜ್ಜಿಯ ಮದುವೆಯಲ್ಲಿ ತವರಿನವರು ಕೊಟ್ಟ ರಕ್ತಚಂದನದ ಪಟ್ಟದ ಗೊಂಬೆಗಳು, ಅಮ್ಮ ಜಾತ್ರೆಯಲ್ಲಿ ಕೊಂಡ ದಶಾವತಾರ, ಅಕ್ಕಿಬೇಳೆಯ ಅಂಗಡಿ ತೆರೆದು ಕುಳಿತ ಶೆಟ್ಟಿ ದಂಪತಿಗಳು, ಚನ್ನಪಟ್ಟಣದ ಅರಗಿನ ಬಣ್ಣದ ಪುಟ್ಟ ಮನುಷ್ಯರು, ಹೀಗೆ ತಲೆಮಾರುಗಳಿಂದ ಕೂಡಿ ಬಂದದ್ದು ಬೆಸಸಂಖ್ಯೆಯ ಮೆಟ್ಟಿಲುಗಳಲ್ಲಿ ಯಥಾಸ್ಥಾನವನ್ನು ಅಲಂಕರಿಸುತ್ತದೆ. ಕೆಳಗಿನದಾದರೋ ನಿರ್ಮಾಣ. ನೆಲದ ಮೇಲೆ ಮಣ್ಣು ಹರಡಿ, ಹಬ್ಬಕ್ಕೆ ವಾರದ ಮುಂಚೆಯೇ ರಾಗಿಯನ್ನೂ ಸಾಸಿವೆಯನ್ನೂ ಚೆಲ್ಲಿ, ಒಡೆದ ಕನ್ನಡಿಯ ಚೂರನ್ನು ಸರೋವರವೆಂದು ಭಾವಿಸಿ, ಅದರ ಸುತ್ತ ಮರಳಿನ ಹಾದಿ ಹಾಯಿಸಿ, ಹಾದಿಯ ತುದಿಗೆ ಒಂದು ಮಂಟಪವನ್ನೋ ಬಳ್ಳಿಚಪ್ಪರವನ್ನೋ ನಿಲ್ಲಿಸಿ, ನಾವು ಹುಡುಗರು ಅದನ್ನು ‘ಪಾರ್ಕು’ ಎಂದು ಕರೆಯುತ್ತಿದ್ದೆವು.

ನಾವು ಹುಡುಗರು ಎಂದೆ. ಇದು ಬಾಯಿತಪ್ಪಿ ಬಂದ ಮಾತಲ್ಲ. ನಾನು ಕಂಡ ಮನೆಗಳಲ್ಲಿ ಮೆಟ್ಟಿಲ ಮೇಲಿನ ರಾಜ್ಯ ಹೆಂಗಸರದು ಮತ್ತು ಹೆಣ್ಣುಮಕ್ಕಳದು. ಪಟ್ಟದ ಗೊಂಬೆಗೆ ಸೀರೆಯುಡಿಸುವ ಅಧಿಕಾರ ಗಂಡುಮಕ್ಕಳಿಗೆ ಯಾರೂ ಕೊಡುತ್ತಿರಲಿಲ್ಲ. ಹಬ್ಬದ ಸಡಗರದಿಂದ ಹೀಗೆ ಹೊರಗುಳಿದ ಗಂಡುಹುಡುಗರು ತಮ್ಮ ಪಾಲಿಗೆ ಸಂಪಾದಿಸಿಕೊಂಡ ಸಣ್ಣ ಸಾಮಂತರಾಜ್ಯವೇ ಆ ಪಾರ್ಕು. ಆದರೆ ಮಂಟಪದ ಕಂಬ ನಿಲ್ಲದೆ ಅಳುಮೋರೆ ಮಾಡಿದಾಗ ಸರೇಸು ಕಾಯಿಸಿಕೊಡಲು ಬರುತ್ತಿದ್ದವಳು ಅಕ್ಕನೇ ಆದ್ದರಿಂದ, ಗಡಿಗಳು ಅಷ್ಟೇನೂ ಬಿಗಿಯಾಗಿರಲಿಲ್ಲವೆಂದೂ ಒಪ್ಪಿಕೊಳ್ಳಬೇಕು. ಈಗ ಮೇಲಿನ ರಾಜ್ಯ ಸಮೃದ್ಧವಾಗಿದೆ, ಮೆಟ್ಟಿಲುಗಳು ಉಕ್ಕಿನವಾಗಿವೆ, ಗೊಂಬೆಗಳು ನೂರರಿಂದ ಸಾವಿರಕ್ಕೆ ಏರಿವೆ. ಕೆಳಗಿನ ರಾಜ್ಯ ಮಾತ್ರ ಕಟ್ಟುವವರಿಲ್ಲದೆ ಅಂಗಡಿಯ ವಶವಾಗಿದೆ. ಈ ವರ್ಗಾವಣೆಯನ್ನು ಕುರಿತೇ ನನ್ನ ತಕರಾರು.

ತಕರಾರಿಗೆ ಕಾರಣವಾದ ಪ್ರಸಂಗವನ್ನು ಹೇಳಿಬಿಡುತ್ತೇನೆ. ಹೋದ ವರ್ಷ ನನ್ನ ಮೊಮ್ಮಗಳು ಪಾರ್ಕು ಬೇಕೆಂದಳು. ಕಟ್ಟುವ ಪ್ರಯಾಸಕ್ಕೆ ಹೆದರಿದ ನಾನು, ಫೋನಿನಲ್ಲಿ ಚಿತ್ರ ನೋಡಿ, ಬಿಳಿಯ ಪ್ಲಾಸ್ಟಿಕ್ಕಿನ ಉದ್ಯಾನಮಂಟಪವೊಂದನ್ನು, ಜೊತೆಗೆ ಬೆಂಚು ಬೇಲಿಗಳ ಸಮೇತ, ತರಿಸಿದೆ. ಚಿತ್ರದಲ್ಲಿ ಅದು ಬೃಂದಾವನಕ್ಕೆ ಸಲ್ಲುವ ಗಾಂಭೀರ್ಯದಿಂದ ಕಂಗೊಳಿಸುತ್ತಿತ್ತು. ಪೆಟ್ಟಿಗೆ ಬಿಚ್ಚಿದಾಗ ಕಂಬಗಳು ಪಟ್ಟದ ರಾಜನ ಭುಜಕ್ಕೆ ಬಂದವು. ಬೆಂಚು ಮಾತ್ರ ಅವನ ಸೊಂಟದೆತ್ತರಕ್ಕೆ ನಿಂತಿತು. ಹುಡುಗಿ ಎರಡು ನಿಮಿಷ ಹೇಗೆಹೇಗೋ ಪ್ರಯತ್ನಿಸಿ, “ತಾತ, ರಾಜ ಒಳಗೆ ಹೋಗಲ್ಲ” ಎಂದಳು. ಮಾರಿದವನದು ತಪ್ಪೆನ್ನಲಾರೆ. ಅವನು ನಮ್ಮ ರಾಜನನ್ನು ನೋಡಿರಲಿಲ್ಲ.

ಗೊಂಬೆಯ ತೋಟದ ಕಟ್ಟಡಕ್ಕೆ ಅಳತೆ ಹುಟ್ಟಬೇಕಾದದ್ದು ಗೊಂಬೆಯಿಂದ, ಮತ್ತೆಲ್ಲಿಂದಲೂ ಅಲ್ಲ. ಗೊಂಬೆಗಳು ಮನೆಮನೆಗೂ ಬೇರೆಬೇರೆಯಾಗಿರುವ ತನಕ ಆ ಅಳತೆಯನ್ನು ಯಾವ ಕಾರ್ಖಾನೆಯೂ ಮುಂಚಿತವಾಗಿ ಊಹಿಸಲಾರದು. ನಮ್ಮ ಶಿಲ್ಪಿಗಳಿಗೆ ಇದು ಹೊಸ ಮಾತಲ್ಲ. ತಾಲಮಾನವೆಂಬ ಅವರ ಪದ್ಧತಿಯಲ್ಲಿ ವಿಗ್ರಹದ ಮುಖದ ಉದ್ದವೇ ಒಂದು ತಾಲ, ತಾಲಕ್ಕೆ ಹನ್ನೆರಡು ಅಂಗುಲ; ವಿಗ್ರಹ ಗೇಣುದ್ದವಿರಲಿ, ಆಳೆತ್ತರವಿರಲಿ, ಅದರ ಕೈಕಾಲುಗಳ ಪ್ರಮಾಣ ಅದರದೇ ಮುಖದಿಂದ ಹೊರಡುತ್ತದೆ, ಹೊರಗಿನ ಗಜಕಡ್ಡಿಯಿಂದಲ್ಲ. ಪಾಶ್ಚಾತ್ಯರ ಗೊಂಬೆಮನೆಗಳಲ್ಲಿ ರೂಢಿಯಾಗಿರುವ ಪ್ರಮಾಣವೂ ಕಾಕತಾಳೀಯವಾಗಿ ಹನ್ನೆರಡರದೇ: ಅಡಿಗೊಂದು ಇಂಚು. ಆ ಲೆಕ್ಕದಲ್ಲಿ ಐದೂವರೆ ಅಡಿಯ ಮನುಷ್ಯ 5½ ಇಂಚಿನ ಗೊಂಬೆಯಾಗುತ್ತಾನೆ, ಲೆಕ್ಕ ಬಾರದವನಿಗೂ ಲೆಕ್ಕ ಸುಲಭವಾಗುತ್ತದೆ.

ನಮ್ಮ ಗೊಂಬೆಗಳು ಆ ಕಟ್ಟಳೆಗೆ ಒಳಗಾದವಲ್ಲ. 4 ಇಂಚಿನ ಚನ್ನಪಟ್ಟಣದ ಹೆಂಗಸನ್ನು ಐದೂವರೆ ಅಡಿಯವಳೆಂದು ಭಾವಿಸಿದರೆ ಅವಳ ಲೋಕ ನಮ್ಮದರ ಹದಿನಾರೂವರೆಯಲ್ಲೊಂದು ಪಾಲು. 8 ಅಡಿಯ ಕಂಬ ಅವಳ ತೋಟದಲ್ಲಿ 6 ಇಂಚಿಗೆ ಕೊಂಚ ಕಡಮೆಯಾಗುತ್ತದೆ. ಒಂದೂವರೆ ಅಡಿಯ ಬೆಂಚು ಇಂಚಿಗೆ ತುಸು ಮೇಲಾಗುತ್ತದೆ. 3 ಅಡಿಯ ಕಟಕಟೆ ಎರಡು ಇಂಚನ್ನು ದಾಟುತ್ತದೆ. ಭಾಗಾಕಾರ ಬೇಡವೆನ್ನುವ ಮಕ್ಕಳಿಗೆ ನಾನು ಕೊಡುವ ಸೂತ್ರ ಇನ್ನೂ ಸರಳ: ಕಂಬ ಗೊಂಬೆಯ ಒಂದೂವರೆಯಷ್ಟು, ಕಟಕಟೆ ಗೊಂಬೆಯ ಅರ್ಧಕ್ಕೆ ಕೊಂಚ ಮೇಲೆ, ಬೆಂಚು ಗೊಂಬೆಯ ಕಾಲುಭಾಗಕ್ಕೆ ಒಂದೆಳೆ ಹೆಚ್ಚು. ಇಷ್ಟನ್ನು ಕಂಡುಕೊಂಡ ಮಗು, ತನ್ನ ಶಾಲೆಯ ಬೆಂಚು ತನ್ನ ಕಾಲುಭಾಗವೇ ಎಂದು ಮರುದಿನ ದಾರ ಹಿಡಿದು ಅಳೆಯದೆ ಇರಲಾರದು. ಅನುಪಾತದ ಪಾಠವನ್ನು ಆರನೆಯ ತರಗತಿಯಲ್ಲಿ ಅಷ್ಟೊಂದು ನಿಟ್ಟುಸಿರುಗಳ ನಡುವೆ ಕಲಿಸುವ ನಮ್ಮ ಉಪಾಧ್ಯಾಯರು ಒಂದು ಗೊಂಬೆಯನ್ನು ಮೇಜಿನ ಮೇಲೆ ನಿಲ್ಲಿಸಿ ನೋಡಬಾರದೇಕೆ?

ಈ ಕೆಲಸದಲ್ಲಿ ಮಹಾಪ್ರಭುಗಳೂ ಮನಸ್ಸಿಟ್ಟದ್ದುಂಟು. ಇಂಗ್ಲೆಂಡಿನ ರಾಣಿ ಮೇರಿಗೆಂದು, ಹೊಸದಿಲ್ಲಿಯ ವೈಸರಾಯ್ ಭವನವನ್ನು ರೂಪಿಸಿದ ಎಡ್ವಿನ್ ಲಚಿನ್ಸನೇ 1921 ಮತ್ತು 1924ರ ನಡುವೆ ಒಂದು ಗೊಂಬೆಮನೆಯನ್ನು ಅಡಿಗೊಂದಿಂಚಿನ ಪ್ರಮಾಣದಲ್ಲಿ ಕಟ್ಟಿಸಿದ. ಅದರ ತೋಟವನ್ನು ಆ ಕಾಲದ ಪ್ರಖ್ಯಾತ ಉದ್ಯಾನಶಿಲ್ಪಿ ಗರ್ಟ್ರೂಡ್ ಜೀಕಿಲ್ ಕಲ್ಪಿಸಿದಳು. ಆ ತೋಟ ಮನೆಯ ಅಡಿಯಲ್ಲಿರುವ ಸೆಳೆಖಾನೆಯಲ್ಲಿದೆ. ಎಳೆದರೆ ತೋಟ, ತಳ್ಳಿದರೆ ಕತ್ತಲೆ. ವಿಂಡ್ಸರ್ ಅರಮನೆಯಲ್ಲಿ ಇಂದಿಗೂ ಪ್ರದರ್ಶನಕ್ಕಿರುವ ಆ ಅದ್ಭುತದ ಕೌಶಲಕ್ಕೆ ಕೈಮುಗಿಯುತ್ತೇನೆ. ಆದರೆ ಅದು ಗಾಜಿನ ಹಿಂದಿನ ತೋಟ, ನುರಿತ ಕೈಗಳು ರಾಣಿಗೆ ಸಲ್ಲಿಸಿದ ಕಾಣಿಕೆ. ಮಗುವೊಂದು ಅದರ ಬೇಲಿಯ ಒಂದು ಗೂಟವನ್ನೂ ನೆಟ್ಟದ್ದಲ್ಲ. ನಮ್ಮ ಮೈಸೂರಿನ ಅರಮನೆಯೂ ಗೊಂಬೆಗಳಿಗೆ ಮರ್ಯಾದೆ ಸಲ್ಲಿಸಿರುವುದನ್ನು ಇಲ್ಲಿ ನೆನೆಯಬಹುದು: 1897ರಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಎದ್ದು 1912ರಲ್ಲಿ ಪೂರ್ಣಗೊಂಡ ಈಗಿನ ಅರಮನೆಯಲ್ಲಿ, ಯಾತ್ರಿಕರು ಮೊದಮೊದಲಲ್ಲೇ ಹಾದುಹೋಗುವ ಅಂಗಳಕ್ಕೆ ಗೊಂಬೆ ತೊಟ್ಟಿಯೆಂದೇ ಹೆಸರು.

ಇನ್ನು ಮರದ ಮಾತು. ಮರವೇ ಏಕೆ, ರಟ್ಟೋ ಬೆಂಡೋ ಆಗದೆ? ರಟ್ಟು ಒದ್ದೆಮಣ್ಣಿನ ಪಕ್ಕದಲ್ಲಿ ಮೂರನೆಯ ದಿನಕ್ಕೆ ಬಾಗುತ್ತದೆ, ಬೆಂಡು ಬೆಂಡೇ. ಮರವು ತಪ್ಪನ್ನು ತೋರಿಸುತ್ತದೆ ಮತ್ತು ತಿದ್ದಲು ಬಿಡುತ್ತದೆ. ಒಂದೆಳೆ ಹೆಚ್ಚಾದರೆ ಉಪ್ಪುಕಾಗದಕ್ಕೆ ಸಿಕ್ಕುತ್ತದೆ, ಒಂದೆಳೆ ಕಡಮೆಯಾದರೆ ಚಕ್ಕೆಯೊಂದಕ್ಕೆ ಒಲಿಯುತ್ತದೆ. ಆದರೆ ಎಲ್ಲ ಮರವೂ ಈ ಕೆಲಸಕ್ಕೆ ಆಗದು. ಕಂಬವನ್ನು ಹದಿನಾರರಲ್ಲೊಂದು ಪಾಲಿಗೆ ಇಳಿಸಬಹುದು, ಮರದ ಎಳೆಯನ್ನು ಇಳಿಸಲಾಗದು. ತೇಗದ ದಪ್ಪ ಗೆರೆಗಳು ಗೊಂಬೆಯ ಮಂಟಪದ ಮೇಲೆ ನೇಗಿಲಸಾಲಿನಂತೆ ಕಾಣುತ್ತವೆ. ಚನ್ನಪಟ್ಟಣದವರು ಆಲೆಮರವನ್ನು ಆರಿಸಿಕೊಂಡದ್ದರ ಜಾಣ್ಮೆ ಇಲ್ಲಿದೆ. ದಂತದಂತೆ ಬಿಳುಪಾಗಿ, ನಯವಾಗಿ, ಎಳೆಯೇ ಕಾಣದಷ್ಟು ಒತ್ತಾಗಿರುವ ಆ ಮರ ತಿರುಗಣಿಗೆ ಮೃದು; ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮೈಗೂಡುತ್ತದೆ, ಆಮೇಲೆ ತಾಳೆಯೋಲೆಯಿಂದ ಉಜ್ಜಿದರೆ ಹೊಳಪು. ಸೊರಬ ಸಾಗರಗಳ ಗುಡಿಗಾರರು ಗಂಧದ ಮರದಲ್ಲಿ ಬೆರಳುಗುರಿನಷ್ಟು ಎಲೆಬಳ್ಳಿಗಳನ್ನು ಬಿಡಿಸಬಲ್ಲವರಾದದ್ದಕ್ಕೂ ಕೈಯೊಂದೇ ಕಾರಣವಲ್ಲ, ಆ ಮರದ ಒತ್ತಾದ ಮೈಯೂ ಕಾರಣ.

ಮನೆಯಲ್ಲಿ ಮಾಡುವವನಿಗೆ ಇಷ್ಟು ಐಶ್ವರ್ಯ ಬೇಕಿಲ್ಲ. ಬಡಗಿಯ ಮುಂದೆ ಬಿದ್ದ ರೀಪಿನ ತುಂಡುಗಳು, ಹಣ್ಣಿನ ಪೆಟ್ಟಿಗೆಯ ಹಲಗೆ, ಜಾಲಂದ್ರಕ್ಕೆ ತೆಂಗಿನ ಪೊರಕೆಯ ಕಡ್ಡಿ, ಸೂರಿಗೆ ಬಿದಿರಿನ ಸೀಳು, ಮಲೆನಾಡಿನವರಾದರೆ ಅಡಕೆಯ ದಬ್ಬೆ. ಉಪಕರಣವೆಂದರೆ ಸಣ್ಣ ಹಲ್ಲಿನ ಗರಗಸ, ಮೂಲೆಮಟ್ಟ, ಉಪ್ಪುಕಾಗದ. ಸರೇಸು ಕಾಯಿಸುವ ವಾಸನೆಯಿಂದ ನಮ್ಮನ್ನು ಬಿಡುಗಡೆ ಮಾಡಿದ ಫೆವಿಕಾಲ್.

ಪ್ಲಾಸ್ಟಿಕ್ ಮಂಟಪವನ್ನು ಅಟ್ಟಕ್ಕೆ ಹಾಕಿದ ಮರುದಿನ ನಾವಿಬ್ಬರೂ ಇಷ್ಟನ್ನು ಮುಂದಿಟ್ಟುಕೊಂಡು ಕುಳಿತೆವು. ರಾಜ 8 ಇಂಚು, ಆದ್ದರಿಂದ ಕಂಬ 12 ಇಂಚು ಎಂದು ಹುಡುಗಿ ಸರಿಯಾಗಿಯೇ ಲೆಕ್ಕ ಹಾಕಿದಳು. ಕುಯ್ದವನು ನಾನು. ನಾಲ್ಕನ್ನು ಒಂದೊಂದಾಗಿ ಕುಯ್ದು, ಅಂಟಿಸಿ, ನಿಲ್ಲಿಸಿದರೆ, ಮಂಟಪ ಒಂದು ಕಾಲೆತ್ತಿ ನಿಂತ ಕೊಕ್ಕರೆಯಂತಾಯಿತು. ಉದ್ದವಾದ ಕಾಲನ್ನು ಕತ್ತರಿಸಿದೆ. ಅದು ಗಿಡ್ಡವಾಗಿ ಎದುರಿನದು ಉದ್ದವಾಯಿತು. ಹೀಗೆ ಎಂಟು ಸಲ ನ್ಯಾಯ ತೀರಿಸುವಷ್ಟರಲ್ಲಿ ಕಂಬಗಳು 9 ಇಂಚಿಗೆ ಇಳಿದು, ರಾಜನ ಕಿರೀಟ ತೊಲೆಗೆ ತಾಗುವಂತಿತ್ತು. ಕೊನೆಗೆ ಬೀದಿಯ ಬಡಗಿಯಲ್ಲಿಗೆ ಹೋದೆವು. ಆತ ನಮ್ಮ ಕೃತಿಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, ನಗದೆ, “ನಾಲ್ಕಕ್ಕೂ ದಾರ ಸುತ್ತಿ ಒಂದೇ ಸಲ ಕುಯ್ಬೇಕು ಸ್ವಾಮಿ, ಒಂದೊಂದೇ ಕುಯ್ದರೆ ಒಂದೊಂದು ಒಂದೊಂದು ಊರಿಗೆ ಹೋಗುತ್ತೆ” ಎಂದ. ಅರವತ್ತು ವರ್ಷ ನಾನು ಓದಿದ ಪುಸ್ತಕಗಳಲ್ಲಿ ಈ ವಾಕ್ಯವಿರಲಿಲ್ಲ. ಮನೆಗೆ ಬಂದ ಮೇಲೆ ಹುಡುಗಿ ಆ ಗಿಡ್ಡ ಮಂಟಪವನ್ನು ಎಸೆಯಗೊಡಲಿಲ್ಲ. ಅಳೆಯುವ ಹುಚ್ಚು ಹಿಡಿದಿದ್ದರಿಂದ ಮೆಟ್ಟಿಲಿಗೆ ಇಳಿಸಿದ್ದ ಗೊಂಬೆಗಳನ್ನೆಲ್ಲ ಒಂದೊಂದಾಗಿ ಅಳೆದು, ಮದುವೆ ದಿಬ್ಬಣದ ಬ್ಯಾಂಡಿನವರು ತಲಾ 6 ಇಂಚು ಇರುವುದನ್ನು ಕಂಡುಹಿಡಿದಳು. ಆರರ ಒಂದೂವರೆ ಒಂಬತ್ತು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಅವಳು ನೋಡಿದ್ದ ಬ್ಯಾಂಡ್‌ಸ್ಟ್ಯಾಂಡಿನ ಹಾಗೆ, ರಾಜನಿಗೆ ಒಲ್ಲದ ಮಂಟಪ ವಾದ್ಯಗಾರರಿಗೆ ದಕ್ಕಿತು. ರಾಜನಿಗೆ ಬೇರೆಯದನ್ನು, ದಾರ ಸುತ್ತಿ ಕುಯ್ದ ಕಂಬಗಳಿಂದ, ಕಟ್ಟಿದೆವು.

ಎರಡನೆಯ ಮಂಟಪ ಕಟ್ಟುವಾಗ ನನಗೆ ತೋರಿದ್ದೊಂದು ವಿಚಿತ್ರವನ್ನು ಇಲ್ಲಿ ಹೇಳದಿರಲಾರೆ. ಪೊರಕೆಕಡ್ಡಿಯಷ್ಟು ತೆಳುವಾದ ರೀಪುಗಳು, ಬರಿಯ ಅಂಟಿನ ಬೆಸುಗೆ, ಒಂದು ಕಚ್ಚೂ ಇಲ್ಲ, ಆದರೂ ಮೇಲೆ ದಪ್ಪ ನಿಘಂಟೊಂದನ್ನು ಇಟ್ಟರೆ ಮಂಟಪ ಜಗ್ಗಲಿಲ್ಲ. ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ತನ್ನ ಕೊನೆಯ ಗ್ರಂಥದಲ್ಲಿ ಇದರ ಗುಟ್ಟನ್ನು ಬಿಡಿಸಿದ್ದಾನೆ. ಅಳತೆಯನ್ನು ಹನ್ನೆರಡರಲ್ಲೊಂದಕ್ಕೆ ಇಳಿಸಿದರೆ ಕಂಬದ ಅಡ್ಡಕೊಯ್ತ 144ರಲ್ಲೊಂದು ಪಾಲಾಗುತ್ತದೆ, ಹೊರಬೇಕಾದ ಭಾರವಾದರೋ 1728ರಲ್ಲೊಂದಾಗುತ್ತದೆ. ಎಂದಮೇಲೆ ಚಿಕ್ಕದು ತನ್ನ ಮೈಭಾರದ ಮಟ್ಟಿಗೆ ದೊಡ್ಡದಕ್ಕಿಂತ ಹನ್ನೆರಡು ಪಾಲು ಗಟ್ಟಿ. ಮಕ್ಕಳ ಕೈಯ ಅಡ್ಡಾದಿಡ್ಡಿ ಕೆಲಸವನ್ನು ಪ್ರಕೃತಿ ಇಷ್ಟೊಂದು ಔದಾರ್ಯದಿಂದ ಮನ್ನಿಸುವ ಕ್ಷೇತ್ರ ಮತ್ತೊಂದಿರಲಾರದು. ಆದರೂ ಮೂಲೆಗಳಲ್ಲಿ ಒಂದೊಂದು ಅರ್ಧಕಚ್ಚು ಕೊಡುವುದನ್ನು ಕಲಿಸಬೇಕೆಂಬುದು ನನ್ನ ಹಟ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ರೀಪು ಎಂಬ ಅನುಕ್ರಮವನ್ನು ಒಮ್ಮೆ ಬೆರಳಿನಿಂದ ತಿಳಿದವನಿಗೆ, ತನ್ನ ಅಜ್ಜನ ತೊಟ್ಟಿಮನೆಯ ಸೂರು ನೋಡಿದಾಗ ಅದು ಕಪ್ಪುಹಿಡಿದ ಮರದ ರಾಶಿಯಾಗಿ ಕಾಣುವುದಿಲ್ಲ.

ಮಾದರಿಗೆಂದು ದೂರ ಹೋಗಬೇಕಿಲ್ಲವೆಂಬುದಕ್ಕೂ ಇದೇ ಕಾರಣ. ಅಂಗಡಿಯಲ್ಲಿ ಬರುವ ಬಿಳಿಯ ಮಂಟಪ ಯಾವುದೋ ಶೀತದೇಶದ ಹಿತ್ತಿಲದು. ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಳಿದುಳಿದ ಹಳೆಯ ಬಂಗಲೆಗಳ ಮುಂದೆ ಓರೆಯಾಗಿ ಹೆಣೆದ ಮರದ ಜಾಲಂದ್ರವುಂಟಲ್ಲ, ಕಿಟಕಿಗಳ ಮೇಲೆ ಚೂಪಾದ ಮುಂಡಾಸಿನಂತೆ ಮುಂಚಾಚಿ ನಿಂತು ಊರವರ ಬಾಯಲ್ಲಿ ‘ಮಂಕಿ ಟಾಪ್’ ಎನಿಸಿಕೊಂಡ ಮರದ ತಲೆಗಾಪು, ಅವು ಪೊರಕೆಕಡ್ಡಿಗೆಂದೇ ಹುಟ್ಟಿದ ವಿನ್ಯಾಸಗಳು. ಆ ಬಂಗಲೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟುಗಳಾಗುತ್ತಿರುವಾಗ, ಅವುಗಳ ಜಾಲಂದ್ರ ಗೊಂಬೆಯ ತೋಟದಲ್ಲಾದರೂ ಉಳಿಯಲಿ ಎಂದರೆ ಅತಿಯಾಸೆಯಾಗಲಾರದು.

ಕತ್ತಿ ಗರಗಸಗಳನ್ನು ಮಕ್ಕಳ ಕೈಗೆ ಕೊಡುವುದೇ ಎಂದು ತಾಯಂದಿರು ಗದರುವರು. ಎಂಟು ವರ್ಷದ ಮಗು ಅಳೆಯಲಿ, ಉಜ್ಜಲಿ, ಅಂಟಿಸಲಿ. ಕುಯ್ಯುವುದನ್ನು ದೊಡ್ಡವರು ಮಾಡಲಿ. ಹನ್ನೆರಡರ ಮಗು ದೊಡ್ಡವರ ಎದುರಿನಲ್ಲಿ ತಾನೇ ಕುಯ್ಯಲಿ. ಕೈಕೆಲಸವನ್ನೇ ವಿದ್ಯೆಯ ಕೇಂದ್ರವಾಗಿಸಬೇಕೆಂದು ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಹೇಳಿದ ಮಾತನ್ನು ನಾವು ಭಾಷಣಗಳಿಗೆ ಮೀಸಲಿಟ್ಟು, ಶಾಲೆಯ ವೇಳಾಪಟ್ಟಿಯಲ್ಲಿ ಕೈಕೆಲಸದ ಗಂಟೆಯನ್ನು ಗಣಿತಕ್ಕೆ ಬಿಟ್ಟುಕೊಟ್ಟಿದ್ದೇವೆ. ಗಣಿತವಾದರೂ ಕೈಗೆ ಹತ್ತಿತೇ? ಸಮಯವಿಲ್ಲವೆಂಬ ಆಕ್ಷೇಪಣೆಗೆ ನಾನು ಉತ್ತರ ಕೊಡುವುದಿಲ್ಲ. ಅದನ್ನು ಹೇಳುವವರು ಪ್ಲಾಸ್ಟಿಕ್ ಮಂಟಪವನ್ನು ಆರಿಸಲು ಫೋನಿನ ಮುಂದೆ ಕಳೆದ ಸಂಜೆಯನ್ನು ತಾವೇ ಲೆಕ್ಕಕ್ಕೆ ತೆಗೆದುಕೊಳ್ಳಲಿ. ನನ್ನದು ಎರಡು ಸಂಜೆಯಾಗಿತ್ತು.

ಮಾತು ಮುಗಿಸುವ ಮುನ್ನ ಎರಡು ಬಿನ್ನಹಗಳಿವೆ. ಒಂದು, ಗೊಂಬೆ ಸ್ಪರ್ಧೆ ನಡೆಸುವ ಸಂಘಸಂಸ್ಥೆಗಳಿಗೆ: ನಾನು ನೋಡಿರುವ ಸ್ಪರ್ಧೆಗಳಲ್ಲಿ ತೀರ್ಪುಗಾರರ ಕಣ್ಣು ಮೆಟ್ಟಿಲೇರಿ ಗೊಂಬೆಗಳನ್ನು ಎಣಿಸುವುದರಲ್ಲೇ ದಣಿಯುತ್ತದೆ, ಒಮ್ಮೆ ಮೊಣಕಾಲೂರಿ ಕೆಳಗಿನ ಪಾರ್ಕನ್ನು ನೋಡಿ, ಅದರಲ್ಲಿ ಮಕ್ಕಳ ಕೈಯದು ಎಷ್ಟೆಂದು ಕೇಳಿ, ಅದಕ್ಕೆ ಬೇರೆಯಾಗಿ ಒಂದು ಬಹುಮಾನವಿಡಿ. ಇನ್ನೊಂದು, ಚನ್ನಪಟ್ಟಣದ ಕುಶಲಿಗಳಿಗೆ ಮತ್ತು ಅವರ ಸರಕನ್ನು ಮಾರುವವರಿಗೆ: ಸಿದ್ಧಮಂಟಪಗಳನ್ನು ಮಾಡಿ ಪ್ಲಾಸ್ಟಿಕ್ಕಿನೊಡನೆ ಪೈಪೋಟಿಗಿಳಿಯುವ ಬದಲು, ತಿರುಗಣಿಯಲ್ಲಿ ಕಡೆದ ಬಿಡಿ ಕಂಬ, ಬಿಡಿ ಕಟಕಟೆಯ ಗುಂಡುಗೋಲು, ಬಿಡಿ ಕಳಶಗಳನ್ನು ನಾಲ್ಕಾರು ಅಳತೆಗಳಲ್ಲಿ ಕಟ್ಟುಕಟ್ಟಾಗಿ ಮಾರಬಾರದೆ? ಗುಂಡನೆಯ ಕಂಬವನ್ನು ಮನೆಯಲ್ಲಿ ಕಡೆಯಲಾಗದು. ಅದನ್ನು ನಿಲ್ಲಿಸುವ ಅಳತೆಯನ್ನು ಪೇಟೆಯಲ್ಲಿ ಕೊಳ್ಳಲಾಗದು. ಇಬ್ಬರೂ ತಮ್ಮ ತಮ್ಮ ಪಾಲಿನದನ್ನು ಮಾಡಿದರೆ ಸಾಕು.

ನಮ್ಮ ಪಾರ್ಕಿನ ಉಳಿದ ಕಥೆ ಇಷ್ಟು. ಪಾಡ್ಯದ ದಿನ ಮೊಳಕೆಯ ಹಸಿರು ಹಾಸು ವಾದ್ಯಗಾರರ ಪಾದ ಮುಟ್ಟುತ್ತಿತ್ತು. ಅಳತೆಯ ಇಷ್ಟೆಲ್ಲ ಶಾಸ್ತ್ರ ತಿಳಿದ ನಾವು ರಾಗಿಗೆ ಅದನ್ನು ಹೇಳುವುದನ್ನು ಮರೆತಿದ್ದೆವು. ಪಂಚಮಿಗೆ ಬೆಂಚು ಮುಳುಗಿತು, ಅಷ್ಟಮಿಗೆ ಡೋಲಿನವನು ಸೊಂಟದವರೆಗೂ ಪೈರಿನಲ್ಲಿ ನಿಂತು ಬಾರಿಸುತ್ತಿದ್ದ, ಸಂಜೆ ಗೊಂಬೆ ನೋಡಲು ಬಂದ ಮಕ್ಕಳಿಗೆ ಅದೇ ಎಲ್ಲಕ್ಕಿಂತ ಚೆನ್ನಾಗಿ ಕಂಡಿತು. ವಿಜಯದಶಮಿಯ ರಾತ್ರಿ ರಾಜರಾಣಿಯರನ್ನು ಮಲಗಿಸಿ, ಮರುದಿನ ಎಲ್ಲವನ್ನೂ ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತುವಾಗ, ಹುಡುಗಿ ಎರಡು ಮಂಟಪಗಳನ್ನೂ ತಲೆಕೆಳಗು ಮಾಡಿ ನೆಲಹಲಗೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಳು: ‘ರಾಜ 8, ಕಂಬ 12. ಬ್ಯಾಂಡು 6, ಕಂಬ 9. ರಾಗಿ ಮೂರು ದಿನ ತಡವಾಗಿ ಹಾಕುವುದು.’